ಹಣ ಕಲ್ಲಿಗೆ, ಹೊರೆ ಗಲ್ಲಾಕ್ಕೆ: ಪೇಟೆಬೀದಿಗಳ ಪುನಶ್ಚೇತನ ಜಗಳವಾಗುವುದು ಯಾಕೆ?

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಬೀಡಾ ಅಂಗಡಿಗಳ ಗಲ್ಲಾದ ಮುಂದಿದ್ದ ಕ್ಯೂಆರ್ ಚೀಟಿಗಳು ಒಂದೊಂದಾಗಿ ಮಾಯವಾದವು. ಅವುಗಳ ಜಾಗದಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬರಹ ಬಂತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಮರುತಿಂಗಳೇ, ಆಗಸ್ಟ್ 27ರಂದು, ಕೇಂದ್ರ ಸಚಿವ ಸಂಪುಟ ಬೀದಿ ವ್ಯಾಪಾರಿಗಳ ಪಿಎಂ ಸ್ವನಿಧಿ ಯೋಜನೆಯನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಿತು. ಅದರಲ್ಲಿ ಡಿಜಿಟಲ್ ವಹಿವಾಟು ನಡೆಸುವವರಿಗೆ 1,600 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಇದೆ.

ಒಂದು ಸರ್ಕಾರ ಯುಪಿಐ ನೋಡಿ ನೋಟಿಸ್ ಕೊಡುತ್ತದೆ, ಇನ್ನೊಂದು ಯುಪಿಐ ನೋಡಿ ಬಹುಮಾನ ಕೊಡುತ್ತದೆ. ಇದರ ಜೊತೆಗೆ ಕೆಲವು ವರ್ಷಗಳಿಂದ ನಗರದ ಹಳೆಯ ಪೇಟೆಬೀದಿಗಳಿಗೆ ಕೋಟಿಗಟ್ಟಲೆ ಹಣ ಸುರಿದು ಕಲ್ಲುಹಾಸು, ಅಗಲವಾದ ಫುಟ್‌ಪಾತ್, ದೀಪದ ಕಂಬ ಹಾಕಲಾಗುತ್ತಿದೆ. ಹೆಚ್ಚು ಕೂಗಾಡಿ ವಿರೋಧಿಸುವವರು ಆ ಬೀದಿಯ ವ್ಯಾಪಾರಿಗಳೇ. ‘ಇವರ ಒಳ್ಳೆಯದಕ್ಕೇ ಮಾಡುತ್ತಿರುವಾಗ ಇವರಿಗೇಕೆ ಸಿಟ್ಟು?’ ಎಂದು ಹೊರಗಿನಿಂದ ನೋಡುವವರಿಗೆ ಅನ್ನಿಸುವುದು ಸಹಜ. ಆ ಸಿಟ್ಟಿಗೆ ಕಾರಣವಿದೆ. ಅದು ತಿಳಿಯಬೇಕಾದರೆ ಪೇಟೆಬೀದಿಗೆ ಬರುವ ಹಣ ಯಾರ ಕೈ ಸೇರುತ್ತದೆ, ಕಾಮಗಾರಿಯ ನಷ್ಟ ಯಾರ ತಲೆಗೆ ಬರುತ್ತದೆ ಎಂದು ನೋಡಬೇಕು.

ಪೇಟೆ ಎಂದರೆ ಯಾರು?

ಬೆಂಗಳೂರಿನ ಗಾಂಧಿ ಬಜಾರನ್ನೇ ತೆಗೆದುಕೊಳ್ಳಿ. 1898ರ ಪ್ಲೇಗಿನ ನಂತರ ಹಳೆ ಪೇಟೆಯ ಇಕ್ಕಟ್ಟು ಬಿಟ್ಟು ಬಂದವರು ನೆಲೆಸಿದ ಬಡಾವಣೆ ಬಸವನಗುಡಿ. ಅದರ ಮುಖ್ಯ ಪೇಟೆ ಈ ಬೀದಿ. 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನ, ಪುಸ್ತಕದಂಗಡಿ, ಗ್ರಂಥಿಗೆ (ಪೂಜಾ ಸಾಮಗ್ರಿ), ಬಟ್ಟೆ, ಪಾತ್ರೆ, ಕುರುಕು ತಿಂಡಿಯ ಮಳಿಗೆಗಳು ಬಾಗಿಲ ಒಳಗೆ. ಹೂವು, ಹಣ್ಣು, ಬಾಳೆಎಲೆ, ಮಾವಿನ ಸೊಪ್ಪು, ಅವರೆಕಾಯಿ ಮಾರುವವರು ಬಾಗಿಲ ಹೊರಗೆ.

ಈ ಬೀದಿಯ ಮೇಲೆ ಬದುಕುವವರು ನಾಲ್ಕು ಬಗೆ. ಕಟ್ಟಡದ ಮಾಲೀಕ ಬೇರೆ, ಅದರಲ್ಲಿ ಬಾಡಿಗೆಗಿರುವ ಅಂಗಡಿಯವ ಬೇರೆ. ಮೂರನೆಯವರು ಫುಟ್‌ಪಾತ್ ವ್ಯಾಪಾರಿಗಳು. ನಾಲ್ಕನೆಯದು ರಸ್ತೆಯ ಒಡೆತನವಿರುವ ಪಾಲಿಕೆ. ಸ್ವಂತ ಕಟ್ಟಡದಲ್ಲೇ ವ್ಯಾಪಾರ ಮಾಡುವ ಹಳೆಯ ಮನೆತನಗಳೂ ಇವೆ. ಯಾವುದೇ ಯೋಜನೆ ಬಂದಾಗ ಅವರ ಮಾತಿಗೂ ಬಾಡಿಗೆದಾರರ ಮಾತಿಗೂ ಇರುವ ವ್ಯತ್ಯಾಸ ಸಭೆಯ ವರದಿಗಳಲ್ಲಿ ಕಾಣುವುದಿಲ್ಲ. ಎಲ್ಲರೂ ‘ವ್ಯಾಪಾರಿಗಳು’ ಎಂಬ ಒಂದೇ ಪದದಡಿ ಸೇರಿಹೋಗುತ್ತಾರೆ.

ಒಳಗಿನವರಿಗೂ ಹೊರಗಿನವರಿಗೂ ಇರುವ ನಂಟು ವಿಚಿತ್ರ. ಹೂವಿನವರು ತಮ್ಮ ಬಾಗಿಲು ಮುಚ್ಚುತ್ತಾರೆ ಎಂದು ಅಂಗಡಿಯವರು ದೂರುತ್ತಾರೆ. ಆದರೆ ವರಮಹಾಲಕ್ಷ್ಮಿಯ ಹಿಂದಿನ ಸಂಜೆ ಅಷ್ಟು ಜನ ಆ ಬೀದಿಗೆ ಬರುವುದೇ ಹೂವಿಗೆ, ಬಾಳೆಕಂದಿಗೆ. ಬಂದವರು ಪಕ್ಕದಲ್ಲೇ ಬ್ಲೌಸ್ ಪೀಸು, ಅರಿಶಿನ ಕುಂಕುಮ, ತಟ್ಟೆ ಲೋಟ ಕೊಳ್ಳುತ್ತಾರೆ. ಹೊರಗಿನವರನ್ನು ಎಬ್ಬಿಸಿದರೆ ಒಳಗಿನವರ ಗಿರಾಕಿಯೂ ತೆಳುವಾಗುತ್ತದೆ. ಫುಟ್‌ಪಾತ್ ತೆರವಾಗಲಿ ಎಂದು ಅರ್ಜಿ ಕೊಡುವ ವರ್ತಕರ ಸಂಘಗಳು ಈ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ.

ಕಾಮಗಾರಿ ಬಂದಾಗ

ನಗರ ಭೂಸಾರಿಗೆ ನಿರ್ದೇಶನಾಲಯ, ಅಂದರೆ ಡಲ್ಟ್, ಗಾಂಧಿ ಬಜಾರಿಗೆ ರೂಪಿಸಿದ ಯೋಜನೆಯ ಮೂಲ ಆಲೋಚನೆ ಸರಳ. ಕಾರು ನಿಲ್ಲುವ ಜಾಗವನ್ನು ನಡೆಯುವವರಿಗೆ ಕೊಡುವುದು, ಫುಟ್‌ಪಾತ್ ಅಗಲ ಮಾಡುವುದು, ಬೀದಿ ವ್ಯಾಪಾರಿಗಳಿಗೆ ನಿಗದಿತ ಸ್ಥಳ ಗುರುತಿಸುವುದು. ಆರಂಭದಲ್ಲಿ ಬೀದಿಯನ್ನು ಪಾದಚಾರಿಗಳಿಗೇ ಮೀಸಲಿಡುವ ಮಾತೂ ಇತ್ತು. 2022ರ ಕೊನೆಯ ಹೊತ್ತಿಗೆ ಅಗೆತ ಶುರುವಾಯಿತು. ಹೇಳಿದ ಗಡುವುಗಳು ದಾಟಿದವು. ರಸ್ತೆ ಬಗೆದು ಹಾಕಿದ್ದ ತಿಂಗಳುಗಳಲ್ಲಿ ಗಿರಾಕಿಗಳು ಬೇರೆ ಕಡೆ ಹೋದರು. ಪಾರ್ಕಿಂಗ್ ಎಲ್ಲಿ, ಮರಗಳ ಗತಿ ಏನು, ಎಬ್ಬಿಸಿದ ಹೂವಿನವರು ಮತ್ತೆ ಬರುವರೋ ಇಲ್ಲವೋ ಎಂಬ ಪ್ರಶ್ನೆಗಳು ಎದ್ದವು. ವಾಹನಗಳನ್ನು ಪೂರ್ತಿ ತಡೆಯುವ ಆಲೋಚನೆ ಕೊನೆಗೂ ಜಾರಿಗೆ ಬರಲಿಲ್ಲ.

ಯೋಜನಾಕಾರರ ವಾದಕ್ಕೆ ಬಲವಿಲ್ಲ ಎಂದಲ್ಲ. ಟೆಂಡರ್ ಶ್ಯೂರ್ ಎಂಬ ರಸ್ತೆ ವಿನ್ಯಾಸದ ಮಾದರಿಯಲ್ಲಿ 2018ರಲ್ಲಿ ಹೊಸದಾದ ಚರ್ಚ್ ಸ್ಟ್ರೀಟ್ ಅವರ ಕೈಯಲ್ಲಿರುವ ದೊಡ್ಡ ಉದಾಹರಣೆ. ಕೇಬಲ್ಲು, ಕೊಳವೆಗಳನ್ನು ಫುಟ್‌ಪಾತ್‌ನ ಅಡಿಗೆ ಸೇರಿಸಿದ್ದರಿಂದ ಪದೇ ಪದೇ ರಸ್ತೆ ಅಗೆಯುವ ಕಾಟ ತಪ್ಪುತ್ತದೆ. 2020ರ ನವೆಂಬರ್‌ನಿಂದ ಕೆಲ ತಿಂಗಳು ಶನಿವಾರ, ಭಾನುವಾರ ಅಲ್ಲಿ ವಾಹನ ಸಂಚಾರ ತಡೆದು ನಡಿಗೆಗಷ್ಟೇ ಬಿಟ್ಟ ಪ್ರಯೋಗಕ್ಕೂ ಜನ ಚೆನ್ನಾಗಿ ಸ್ಪಂದಿಸಿದರು. ಆದರೆ ಚರ್ಚ್ ಸ್ಟ್ರೀಟಿಗೆ ಜನ ಬರುವುದು ಸುತ್ತಾಡಲು, ಕೂತು ತಿನ್ನಲು, ಕುಡಿಯಲು. ಗಾಂಧಿ ಬಜಾರಿಗೆ ಬರುವುದು ಚೀಲ ತುಂಬಿಕೊಂಡು ಮನೆಗೆ ಹೋಗಲು. ಒಂದಕ್ಕೆ ಹೊಂದಿದ್ದು ಇನ್ನೊಂದಕ್ಕೂ ಹೊಂದುತ್ತದೆ ಎಂದು ಹೇಳಲಾಗದು. ಸ್ಮಾರ್ಟ್ ಸಿಟಿ ಹಣದಲ್ಲಿ ಹೊಸದಾದ ಕಮರ್ಷಿಯಲ್ ಸ್ಟ್ರೀಟ್‌ನಲ್ಲಂತೂ ಹಾಕಿದ ಕಲ್ಲನ್ನು ಕಿತ್ತು ಮತ್ತೆ ಹಾಕಬೇಕಾಯಿತು. ಕೋವಿಡ್‌ನಿಂದ ಏಳಲು ಹೆಣಗುತ್ತಿದ್ದ ಬಟ್ಟೆ, ಚಪ್ಪಲಿ ಅಂಗಡಿಗಳಿಗೆ ಅದು ಎರಡನೇ ಪೆಟ್ಟು.

ಕಾರಿನಲ್ಲಿ ಬರುವವರೆಷ್ಟು?

ಪಾರ್ಕಿಂಗ್ ವಿಷಯದಲ್ಲಿ ವ್ಯಾಪಾರಿಗಳ ಅಂದಾಜು ಹಲವು ಸಲ ತಪ್ಪಿರುತ್ತದೆ. ಬ್ರಿಟನ್ನಿನ ಬ್ರಿಸ್ಟಲ್ ನಗರದ ಬಡಾವಣೆ ಪೇಟೆಗಳಲ್ಲಿ 2006ರಲ್ಲಿ ಸಸ್ಟ್ರಾನ್ಸ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ, ತಮ್ಮ ಗಿರಾಕಿಗಳಲ್ಲಿ ಶೇ 41 ಮಂದಿ ಕಾರಿನಲ್ಲಿ ಬರುತ್ತಾರೆ ಎಂದು ಅಂಗಡಿಯವರು ಅಂದುಕೊಂಡಿದ್ದರು. ಗಿರಾಕಿಗಳನ್ನೇ ಕೇಳಿದಾಗ ಸಿಕ್ಕ ಉತ್ತರ ಶೇ 22. ಅಂಗಡಿಯ ಮುಂದೆ ನಿಂತ ಕಾರು ಕಣ್ಣಿಗೆ ಬೀಳುತ್ತದೆ, ನಡೆದು ಬಂದವರು ಗುಂಪಿನಲ್ಲಿ ಕರಗಿಹೋಗುತ್ತಾರೆ. ಆ ಸಾಲಿನ ಕಾರುಗಳಲ್ಲಿ ಎಷ್ಟು ಅಂಗಡಿಯವರದ್ದೇ ಎಂಬುದು ಬೇರೆ ಪ್ರಶ್ನೆ.

ನಮ್ಮ ಪೇಟೆಗಳಲ್ಲಿ ನಿಜವಾದ ತೊಂದರೆ ಸರಕು ಇಳಿಸುವುದು. ಬೆಳಿಗ್ಗೆ ಬರುವ ಟೆಂಪೊಗೆ ನಿಲ್ಲಲು ಜಾಗವಿಲ್ಲದಿದ್ದರೆ ಸಾಗಣೆಯ ಖರ್ಚು, ಕೂಲಿ ಎರಡೂ ಏರುತ್ತವೆ. ಇದಕ್ಕೆ ಪರಿಹಾರ ಕಷ್ಟವಿಲ್ಲ. ಬೆಳಿಗ್ಗೆ ಇಂತಿಷ್ಟು ಹೊತ್ತು ಸರಕು ವಾಹನಕ್ಕೆ ಬಿಟ್ಟು, ಉಳಿದ ಹೊತ್ತು ತಡೆಯಬಹುದು. ನಕ್ಷೆ ಬರೆಯುವವರು ಅಂಗಡಿಯವರನ್ನು ಮೊದಲೇ ಕೇಳಿದರೆ ಇದು ಮೊದಲ ದಿನವೇ ಹೊರಬರುತ್ತದೆ. ಟೆಂಡರ್ ಆದ ಮೇಲೆ ಕೇಳಿದರೆ ಪ್ರತಿಭಟನೆಯ ಬೇಡಿಕೆಪಟ್ಟಿಯಲ್ಲಿ ಬರುತ್ತದೆ.

ಬೀದಿ ಚಂದವಾದರೆ ಬಾಡಿಗೆ ಏರುತ್ತದೆ

ಪಾರ್ಕಿಂಗ್ ಜಗಳ ಮೇಲೆ ಕಾಣುವಂಥದ್ದು. ಕೆಳಗಿರುವುದು ಬಾಡಿಗೆಯ ಲೆಕ್ಕ.

ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ಅಂಗಡಿಯೊಂದರ ತಿಂಗಳ ಬಾಡಿಗೆ 60,000 ರೂಪಾಯಿ. ಬಾಡಿಗೆ, ಕೂಲಿ, ಕರೆಂಟು ಎಲ್ಲ ಕಳೆದು ಅಂಗಡಿಯವನಿಗೆ ಉಳಿಯುವುದು 50,000. ಕಾಮಗಾರಿ ನಡೆದ ಒಂದು ವರ್ಷ ವ್ಯಾಪಾರ ಕುಸಿದು, ಉಳಿಕೆ 15,000ಕ್ಕೆ ಇಳಿಯಿತು ಎನ್ನಿ. ವರ್ಷಕ್ಕೆ 4,20,000 ರೂಪಾಯಿ ನಷ್ಟ. ಬಾಡಿಗೆ ಮಾತ್ರ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಕಟ್ಟಲಾಗದಿದ್ದರೆ ಮಾಲೀಕ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುತ್ತಾನೆ. ಕಾಮಗಾರಿ ಮುಗಿಯಿತು, ಬೀದಿ ಚಂದವಾಯಿತು, ಜನ ಬಂದರು, ಉಳಿಕೆ 70,000ಕ್ಕೆ ಏರಿತು. ಆಗ ಕರಾರು ಮುಗಿಯುತ್ತದೆ. ಮಾಲೀಕ ಬಾಡಿಗೆಯನ್ನು 85,000ಕ್ಕೆ ಏರಿಸುತ್ತಾನೆ. ಅಂಗಡಿಯವನಿಗೆ ಉಳಿಯುವುದು 45,000. ನಷ್ಟ ತಾಳಿಕೊಂಡಿದ್ದವನ ಕೈಗೆ ಮೊದಲಿಗಿಂತಲೂ ಕಡಿಮೆ ಬಂತು. ಒಂದು ದಿನವೂ ಧೂಳು ಕುಡಿಯದವನಿಗೆ ತಿಂಗಳಿಗೆ 25,000 ಹೆಚ್ಚು ಬಂತು. ಅದು ಒಲ್ಲದಿದ್ದರೆ ಖಾಲಿ ಮಾಡಬಹುದು. ಬ್ರ್ಯಾಂಡ್ ಮಳಿಗೆಯೋ ಕಾಫಿ ಸರಣಿಯೋ ಇನ್ನೂ ಹೆಚ್ಚು ಕೊಟ್ಟು ಬರುತ್ತದೆ.

ಕಾನೂನು ತಡೆಯುವುದಿಲ್ಲವೇ? 1999ರ ಕರ್ನಾಟಕ ಬಾಡಿಗೆ ಕಾಯ್ದೆ 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಮಳಿಗೆಗಳಿಗೆ ಅನ್ವಯವಾಗುವುದೇ ಇಲ್ಲ. ಅದಕ್ಕಿಂತ ಚಿಕ್ಕ ಗೂಡಂಗಡಿಯಾದರೂ, ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯಿದ್ದರೆ ರಕ್ಷಣೆ ಇಲ್ಲ. ಇಂದಿನ ಬೆಂಗಳೂರಿನಲ್ಲಿ 3,500ಕ್ಕೆ ಬಾಡಿಗೆ ಸಿಗುವ ಅಂಗಡಿ ಯಾವುದು? ಜೊತೆಗೆ, ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ ಎಂಬ ಕಾರಣಕ್ಕೆ ಬಹಳಷ್ಟು ಕರಾರುಗಳು ಹನ್ನೊಂದೇ ತಿಂಗಳಿಗೆ ಆಗುತ್ತವೆ. ಮೂವತ್ತು ವರ್ಷದಿಂದ ಒಂದೇ ಜಾಗದಲ್ಲಿರುವ ಅಂಗಡಿಯವನೂ ಕಾಗದದ ಮೇಲೆ ಹನ್ನೊಂದು ತಿಂಗಳ ಅತಿಥಿ.

ಹೀಗಾಗಿ ರಸ್ತೆಗೆ ಹಾಕಿದ ಸರ್ಕಾರಿ ಹಣ ಕೆಲ ವರ್ಷಗಳಲ್ಲಿ ಬಾಡಿಗೆಯ ರೂಪದಲ್ಲಿ ಆಸ್ತಿ ಮಾಲೀಕನ ಕಡೆಗೆ ಹರಿಯುತ್ತದೆ. ಇದು ಯಾರದೋ ದುರಾಸೆಯ ಫಲವೂ ಅಲ್ಲ. ಮಾರುಕಟ್ಟೆ ನಡೆಯುವ ರೀತಿಯೇ ಅದು. ಬಾಡಿಗೆದಾರರಿಗೆ ಅರ್ಥಶಾಸ್ತ್ರದ ಪರಿಭಾಷೆ ಬೇಕಿಲ್ಲ, ಅನುಭವದಿಂದಲೇ ಇದು ಗೊತ್ತು. ಸಭೆಯಲ್ಲಿ ಅವರು ಪಾರ್ಕಿಂಗ್ ಬಗ್ಗೆ ಮಾತಾಡುತ್ತಾರೆ, ಏಕೆಂದರೆ ಮಾಲೀಕನೂ ಅದೇ ಸಭೆಯಲ್ಲಿ ಕೂತಿರುತ್ತಾನೆ.

ಪಾಲಿಕೆಯೇ ಮಾಲೀಕನಾದರೆ

ಮಾರುಕಟ್ಟೆಯ ಕಟ್ಟಡ ಸರ್ಕಾರದ್ದೇ ಆದರೆ ಈ ತೊಡಕು ಇರಬಾರದು. ಇದ್ದೇ ಇದೆ, ಬೇರೆ ರೂಪದಲ್ಲಿ. ಮೈಸೂರಿನ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ 2016ರ ಆಗಸ್ಟ್‌ನಲ್ಲಿ ಕುಸಿದ ಮೇಲೆ, ಕಟ್ಟಡವನ್ನು ಕೆಡವಿ ಅದೇ ಶೈಲಿಯಲ್ಲಿ ಹೊಸದು ಕಟ್ಟುವುದೋ, ಇರುವುದನ್ನೇ ದುರಸ್ತಿ ಮಾಡುವುದೋ ಎಂಬ ವಿವಾದ ವರ್ಷಗಟ್ಟಲೆ ಎಳೆಯಿತು. ಪಾರಂಪರಿಕ ಕಟ್ಟಡ ಉಳಿಯಲಿ ಎನ್ನುವವರು ಒಂದು ಕಡೆ, ಸುರಕ್ಷತೆ ಮುಖ್ಯ ಎನ್ನುವ ಪಾಲಿಕೆ ಇನ್ನೊಂದು ಕಡೆ. 2023ರಲ್ಲಿ ಹೈಕೋರ್ಟ್ ಪಾಲಿಕೆಯ ಪರ ನಿಂತಿತು. ನಡುವೆ ಸಿಕ್ಕವರು ವ್ಯಾಪಾರಿಗಳು. ಅವರು ದುರಸ್ತಿಯ ಪರ ವಾಲಿದ್ದರಲ್ಲಿ ಪರಂಪರೆಯ ಪ್ರೀತಿಯಷ್ಟೇ ಇನ್ನೊಂದು ಭಯವೂ ಇತ್ತು: ಒಮ್ಮೆ ಹೊರಗೆ ಕಾಲಿಟ್ಟರೆ ಮತ್ತೆ ಅದೇ ಮಳಿಗೆ ಸಿಗುವ ಭರವಸೆಯೇನು?

ಆ ಭಯ ಹುಸಿಯಲ್ಲ ಎಂದು ತೋರಿಸಲು ಮಂಗಳೂರು ಸಾಕು. 2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾರಣ ಕೊಟ್ಟು ಅಲ್ಲಿನ ಸೆಂಟ್ರಲ್ ಮಾರ್ಕೆಟ್ ಮುಚ್ಚಿ, ವ್ಯಾಪಾರವನ್ನು ಊರಾಚೆಯ ಬೈಕಂಪಾಡಿ ಎಪಿಎಂಸಿ ಅಂಗಳಕ್ಕೆ ಕಳಿಸಲಾಯಿತು. ತಾತ್ಕಾಲಿಕ ಎಂಬ ಮಾತು ಕೋರ್ಟಿನ ಮೆಟ್ಟಿಲೇರಿತು, ಹಳೆಯ ಕಟ್ಟಡ ನೆಲಸಮವಾಯಿತು. ದಿನದ ಮೀನು, ತರಕಾರಿ, ಸೊಪ್ಪಿನ ಗಿರಾಕಿ ಅಷ್ಟು ದೂರ ಹುಡುಕಿಕೊಂಡು ಹೋಗುವುದಿಲ್ಲ. ಒಂದೆರಡು ವರ್ಷ ರೂಢಿ ತಪ್ಪಿದರೆ ಅವರ ಕಾಲು ಸೂಪರ್‌ಮಾರ್ಕೆಟ್ಟಿನ ಕಡೆಗೋ, ಬೆರಳು ಹತ್ತು ನಿಮಿಷದಲ್ಲಿ ಮನೆಗೆ ತರುವ ಆ್ಯಪಿನ ಕಡೆಗೋ ತಿರುಗಿರುತ್ತದೆ. ಹೊಸ ಕಟ್ಟಡ ಬಂದರೂ ಹಳೆಯ ಗಿರಾಕಿ ವಾಪಸ್ ಬರುತ್ತಾರೆಂಬ ಖಾತರಿ ಇಲ್ಲ.

ಸಾಲ ಸಹಾಯವೇ, ಆದರೆ ಯಾರಿಗೆ?

ವ್ಯಾಪಾರಿಗೆ ನೇರವಾಗಿ ಕೊಡುವ ನೆರವು ಸಾಲದ ರೂಪದಲ್ಲಿದೆ. ಬೆಳಿಗ್ಗೆ ಸಾವಿರ ಕೊಟ್ಟು ಸಂಜೆ ನೂರು ಸೇರಿಸಿ ವಸೂಲು ಮಾಡುವ ಮೀಟರ್ ಬಡ್ಡಿಯ ಹಿಡಿತದಿಂದ ಬೀದಿ ವ್ಯಾಪಾರಿಯನ್ನು ಬಿಡಿಸುವುದು ಇದರ ಗುರಿ. 2018ರಲ್ಲಿ ರಾಜ್ಯದ ‘ಬಡವರ ಬಂಧು’ ಯೋಜನೆ ಸಹಕಾರ ಬ್ಯಾಂಕುಗಳ ಮೂಲಕ 2,000ದಿಂದ 10,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ ಕೊಟ್ಟಿತು. 2020ರ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿ 10,000, 20,000, 50,000 ಎಂದು ಮೂರು ಕಂತಿನ ಸಾಲ, ಶೇ 7 ಬಡ್ಡಿ ಸಹಾಯಧನ ಇಟ್ಟಿತು. 2025ರ ವಿಸ್ತರಣೆಯಲ್ಲಿ ಮೊದಲೆರಡು ಕಂತು 15,000 ಮತ್ತು 25,000ಕ್ಕೆ ಏರಿವೆ. ಎರಡನೇ ಸಾಲ ತೀರಿಸಿದವರಿಗೆ ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡ್ ಸಿಗುತ್ತದೆ. ಒಟ್ಟು 7,332 ಕೋಟಿ ರೂಪಾಯಿಯ ಯೋಜನೆ ಇದು, ಗುರಿ 1.15 ಕೋಟಿ ವ್ಯಾಪಾರಿಗಳು.

ಬಂಡವಾಳಕ್ಕೆ ಇದು ಒಳ್ಳೆಯದೇ. ಆದರೆ ಸಾಲ ಸಿಗಬೇಕಾದರೆ ‘ನಾನು ಬೀದಿ ವ್ಯಾಪಾರಿ’ ಎಂಬ ಗುರುತುಚೀಟಿಯೋ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರವೋ ಬೇಕು. ಗುರುತುಚೀಟಿ ಬರುವುದು ಸಮೀಕ್ಷೆಯಿಂದ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು, ಅದು ಮುಗಿಯದೆ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ. ಸ್ಥಳಾಂತರಕ್ಕೆ 30 ದಿನದ ನೋಟಿಸ್ ಕೊಡಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ಚುನಾಯಿತ ಬೀದಿ ವ್ಯಾಪಾರಿಗಳೇ ಇರಬೇಕು. ಬೆಂಗಳೂರಿನಲ್ಲಿ 2017ರ ಸಮೀಕ್ಷೆಯಾದ ಮೇಲೆ ಮುಂದಿನದು ಶುರುವಾದದ್ದು 2024ರ ಕೊನೆಗೆ. ನಡುವಿನ ವರ್ಷಗಳಲ್ಲಿ ಬೀದಿಗೆ ಬಂದವರು, ಕೋವಿಡ್‌ನಲ್ಲಿ ಕೆಲಸ ಕಳೆದುಕೊಂಡು ತಳ್ಳುಗಾಡಿ ಹಿಡಿದವರು ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿಲ್ಲದವರನ್ನು ಎಬ್ಬಿಸುವುದು ಸುಲಭ.

ಇನ್ನೊಂದು ಮಾತನ್ನೂ ಹೇಳಬೇಕು. ಕೂರುವ ಜಾಗ ಖಾತ್ರಿಯಿಲ್ಲದವನಿಗೆ ಕೊಟ್ಟ ಸಾಲ ಜಾಗ ಹೋದ ದಿನ ಬರೀ ಹೊರೆ. ಒಂದು ಇಲಾಖೆ 15,000 ರೂಪಾಯಿ ಸಾಲ ಕೊಟ್ಟ ಗಾಡಿಯನ್ನು ಇನ್ನೊಂದು ಇಲಾಖೆ ಲಾರಿಗೆ ಹಾಕಿಕೊಂಡು ಹೋದರೆ ಕಂತು ಕಟ್ಟುವವರು ಯಾರು?

ಇದೆಲ್ಲ ಬೀದಿ ವ್ಯಾಪಾರಿಯ ಮಾತಾಯಿತು. ಅವನ ಹಿಂದೆ ಹತ್ತು ಅಡಿ ಅಗಲದ ಮಳಿಗೆಯಲ್ಲಿ ಕೂತ ಬಾಡಿಗೆದಾರನಿಗೆ ಕಾಮಗಾರಿ ಕಾಲದ ನಷ್ಟ ತುಂಬಿಕೊಡುವ ಅನುದಾನವಾಗಲಿ, ಮಳಿಗೆ ಸುಧಾರಣೆಗೆ ಸಹಾಯಧನವಾಗಲಿ ಈ ಬೀದಿ ಯೋಜನೆಗಳ ಭಾಗವಾಗಿ ಬಂದಿಲ್ಲ. ಅವನು ಬಡವರ ಪಟ್ಟಿಗೂ ಸೇರುವುದಿಲ್ಲ, ಉದ್ಯಮಿಗಳ ಪಟ್ಟಿಗೂ ಸೇರುವುದಿಲ್ಲ.

ನೋಟಿಸ್ ಭಯ ಎಲ್ಲಿಂದ ಬಂತು?

ಈಗ ಜುಲೈ ಗೊಂದಲಕ್ಕೆ ಬರೋಣ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ಕೊಡುವವರದ್ದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಇಲಾಖೆ 2021-22ರಿಂದ ಯುಪಿಐ ಖಾತೆಗಳಿಗೆ ಬಂದ ಮೊತ್ತ ನೋಡಿ, ಮಿತಿ ದಾಟಿದ್ದರೂ ನೋಂದಣಿ ಇಲ್ಲದವರಿಂದ ವಿವರಣೆ ಕೇಳಿತು. ನಗದಾಗಲಿ ಯುಪಿಐ ಆಗಲಿ ಕಾನೂನು ಒಂದೇ, ನೋಟಿಸ್ ಎಂದರೆ ಅಂತಿಮ ಬೇಡಿಕೆ ಅಲ್ಲ, ತೆರಿಗೆಯಿಲ್ಲದ ಸರಕು ಮಾರಿದ್ದರೆ ಹಾಗೆಂದು ಉತ್ತರ ಕೊಡಬಹುದು ಎಂಬುದು ಇಲಾಖೆಯ ನಿಲುವು. ಕಾನೂನಿನ ಪ್ರಕಾರ ಅದು ಸರಿ.

ವ್ಯಾಪಾರಿಯ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಕಾಂಡಿಮೆಂಟ್ಸ್ ಅಂಗಡಿಯ ವಹಿವಾಟಿನಲ್ಲಿ ದೊಡ್ಡ ಪಾಲು ಹಾಲಿನ ಪ್ಯಾಕೆಟ್‌ನದ್ದು, ಅದರಲ್ಲಿ ಸಿಗುವ ಕಮಿಷನ್ ಅತಿ ಕಡಿಮೆ. ಹಾಲಿಗೆ ಜಿಎಸ್‌ಟಿ ಇಲ್ಲ. ಆದರೆ ಹಾಲಿನ ಜೊತೆ ಬಿಸ್ಕತ್ತು, ಸಿಗರೇಟು ಮಾರುವವನ ಒಟ್ಟು ವಹಿವಾಟಿನ ಲೆಕ್ಕಕ್ಕೆ ಹಾಲಿನ ಪೂರ್ತಿ ಬೆಲೆಯೂ ಸೇರುತ್ತದೆ. ಲಾಭ ಚಿಟಿಕೆಯಷ್ಟು, ವಹಿವಾಟು ರಾಶಿ. ಅದೇ ಖಾತೆಗೆ ಭಾವಮೈದುನ ಕಳಿಸಿದ ಕೈಗಡವೂ ಬಂದಿರುತ್ತದೆ, ಚೀಟಿ ಹಣವೂ ಬಂದಿರುತ್ತದೆ. ನಾಲ್ಕು ವರ್ಷದ ಲೆಕ್ಕ ಒಮ್ಮೆಗೇ ಕೇಳಿದರೆ ಬಿಲ್ಲು ಎಲ್ಲಿಂದ ತರುವುದು? ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸ್ ಬಂದ ಸುದ್ದಿ ರಾಜ್ಯವಿಡೀ ಹರಡಿದ್ದು ಇದೇ ಹೊತ್ತಿನಲ್ಲಿ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ.

ಜುಲೈ 25ಕ್ಕೆ ವ್ಯಾಪಾರಿಗಳು ಬಂದ್ ಕರೆ ಕೊಟ್ಟರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿಗಳ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಮಿತಿ ದಾಟಿದವರು ಮುಂದೆ ನೋಂದಾಯಿಸಿಕೊಳ್ಳಬೇಕು ಎಂದರು. ವಹಿವಾಟು 1.5 ಕೋಟಿಯೊಳಗಿದ್ದರೆ ಸರಕು ಮಾರುವವರಿಗೆ ಬಿಡಿಬಿಡಿ ಲೆಕ್ಕದ ಬದಲು ವಹಿವಾಟಿನ ಶೇ 1ರಷ್ಟು ಕಟ್ಟುವ ರಾಜಿ ತೆರಿಗೆಯ (ಕಾಂಪೊಸಿಷನ್) ದಾರಿ ಇದೆ; ಅದನ್ನು ಮೊದಲೇ ಬೀದಿಬೀದಿಗೆ ಹೋಗಿ ತಿಳಿಸಿದ್ದರೆ ಇಷ್ಟು ಗಲಾಟೆ ಆಗುತ್ತಿರಲಿಲ್ಲ.

ನೋಟಿಸ್ ಹೋದದ್ದು ಬಹುಪಾಲು ಅಂಗಡಿಗಳಿಗೆ. ಕ್ಯಾಶ್‌ಬ್ಯಾಕ್ ಇರುವುದು ಬೀದಿ ವ್ಯಾಪಾರಿಗಳಿಗೆ. ಕಾಗದದ ಮೇಲೆ ಇವು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ. ಆದರೆ ಭಯಕ್ಕೆ ವಹಿವಾಟಿನ ಮಿತಿ ಗೊತ್ತಿಲ್ಲ. ಹಿಂದಿನ ಅಂಗಡಿಯವನು ಕ್ಯೂಆರ್ ತೆಗೆದರೆ ಮುಂದಿನ ಹೂವಿನಾಕೆಯೂ ತೆಗೆಯುತ್ತಾಳೆ. ಪರಿಣಾಮ ಅಲ್ಲಿಗೇ ನಿಲ್ಲುವುದಿಲ್ಲ. ಯಾವುದೇ ಅನುದಾನ, ಪರಿಹಾರ ಕೊಡಬೇಕಾದರೆ ವ್ಯಾಪಾರ ಎಷ್ಟಿತ್ತು, ಎಷ್ಟು ಕುಸಿಯಿತು ಎಂಬ ದಾಖಲೆ ಬೇಕು. ಲೆಕ್ಕ ತೋರಿಸಿದರೆ ತೆರಿಗೆಯವರು ಬರುತ್ತಾರೆ ಎಂದು ನಂಬಿದವರು ಪರಿಹಾರಕ್ಕೂ ಲೆಕ್ಕ ತೋರಿಸುವುದಿಲ್ಲ.

ಬೇರೆ ಊರುಗಳು ಹೇಗೆ ಮಾಡಿದವು?

ಕೆನಡಾದ ಟೊರೊಂಟೊದಲ್ಲಿ ಬ್ಲೂರ್ ವೆಸ್ಟ್ ವಿಲೇಜ್ ಎಂಬ ಬಡಾವಣೆ ಪೇಟೆಯಿದೆ. ಅರವತ್ತರ ದಶಕದಲ್ಲಿ ಮೆಟ್ರೊ ಬಂದು ಗಿರಾಕಿಗಳು ನೆಲದಡಿ ಸಾಗಿಹೋದರು, ಮಾಲ್‌ಗಳು ಇನ್ನಷ್ಟನ್ನು ಸೆಳೆದವು. 1970ರಲ್ಲಿ ಅಲ್ಲಿನವರು ಒಂದು ಕಾನೂನು ಮಾಡಿಸಿಕೊಂಡರು: ಆ ವಲಯದ ವಾಣಿಜ್ಯ ಆಸ್ತಿಗಳ ಮೇಲೆ ಸಣ್ಣ ಹೆಚ್ಚುವರಿ ಕರ, ಅದನ್ನು ವಸೂಲು ಮಾಡುವುದು ನಗರಪಾಲಿಕೆ, ಖರ್ಚು ಮಾಡುವುದು ಸ್ಥಳೀಯ ಮಂಡಳಿ. ಈ ಬಗೆಯ ವ್ಯವಸ್ಥೆಗೆ ಜಗತ್ತಿನಲ್ಲೇ ಮೊದಲ ಮಾದರಿ ಅದು. ಬೀದಿ ಸುಧಾರಣೆಯಿಂದ ಆಸ್ತಿಗೆ ಬರುವ ಲಾಭದ ಒಂದು ಪಾಲು ಬೀದಿಗೇ ವಾಪಸ್ ಬರುತ್ತದೆ. ಅಲ್ಲೂ ಮಾಲೀಕರು ಆ ಕರವನ್ನು ಬಾಡಿಗೆದಾರರಿಗೆ ದಾಟಿಸುವುದುಂಟು, ಹಾಗಾಗಿ ಅದೇ ಸಂಜೀವಿನಿ ಎನ್ನಲಾಗದು.

ಜಪಾನಿನ ತಕಮಾತ್ಸು ನಗರದ ಮಾರುಗಾಮೆಮಾಚಿ ಇನ್ನೂ ಮುಂದೆ ಹೋಯಿತು. ಮಳಿಗೆಗಳು ಮುಚ್ಚಿ ಷಟರ್ ಸಾಲುಗಳಾಗಿದ್ದ ಜಪಾನಿನ ಎಷ್ಟೋ ಪೇಟೆಗಳ ನಡುವೆ ಇಲ್ಲಿನ ಭೂಮಾಲೀಕರು ಒಡೆತನ ತಮ್ಮಲ್ಲೇ ಇಟ್ಟುಕೊಂಡು, ಜಾಗದ ಬಳಕೆಯನ್ನು 60 ವರ್ಷದ ಗುತ್ತಿಗೆಗೆ ಸ್ಥಳೀಯ ಕಂಪನಿಯೊಂದಕ್ಕೆ ಕೊಟ್ಟರು. ಎಲ್ಲಿ ಯಾವ ಅಂಗಡಿ ಇರಬೇಕೆಂದು ಕಂಪನಿ ತೀರ್ಮಾನಿಸುತ್ತದೆ. ಬಾಡಿಗೆ ವ್ಯಾಪಾರದ ಏರಿಳಿತಕ್ಕೆ ತಕ್ಕಂತಿರುತ್ತದೆ. 2006ರ ಕೊನೆಗೆ ಮೊದಲ ಭಾಗ ತೆರೆಯಿತು. ವ್ಯಾಪಾರ ಕುಸಿದರೆ ಮಾಲೀಕನ ಆದಾಯವೂ ಕುಸಿಯುವ ಏರ್ಪಾಡು ಇರುವ ಕಡೆ, ಕಾಮಗಾರಿ ಬೇಗ ಮುಗಿಯಲಿ ಎಂದು ಮಾಲೀಕನೇ ಎಂಜಿನಿಯರ್‌ಗಳ ಬೆನ್ನು ಹತ್ತುತ್ತಾನೆ.

ದಕ್ಷಿಣ ಕೊರಿಯಾ ಗಿರಾಕಿಯ ಕಡೆಯಿಂದ ಹಿಡಿಯಿತು. ಹಳೆಯ ಮಾರುಕಟ್ಟೆಗಳಿಗೆ ಚಾವಣಿ, ಪಾರ್ಕಿಂಗ್ ಕಟ್ಟಿದ್ದರ ಜೊತೆಗೆ 2009ರಲ್ಲಿ ‘ಒನ್ನೂರಿ’ ಎಂಬ ಕೂಪನ್ ತಂದಿತು. ರಿಯಾಯಿತಿ ದರದಲ್ಲಿ ಸಿಗುವ ಇದನ್ನು ಸಾಂಪ್ರದಾಯಿಕ ಮಾರುಕಟ್ಟೆಗಳಲ್ಲಷ್ಟೇ ಖರ್ಚು ಮಾಡಬಹುದು. 2012ರಿಂದ ದೊಡ್ಡ ಮಾರ್ಟ್‌ಗಳಿಗೆ ತಿಂಗಳಿಗೆ ಎರಡು ದಿನ ಕಡ್ಡಾಯ ರಜೆ. ಈ ರಜೆಯಿಂದ ಹಳೆಯ ಮಾರುಕಟ್ಟೆಗೆ ನಿಜಕ್ಕೂ ಲಾಭವಾಯಿತೇ ಎಂಬ ಚರ್ಚೆ ಅಲ್ಲಿ ಮುಗಿದಿಲ್ಲ. 2023ರಲ್ಲಿ ಡೇಗು ನಗರ ರಜೆಯನ್ನು ಭಾನುವಾರದಿಂದ ವಾರದ ದಿನಕ್ಕೆ ಬದಲಿಸಿತು.

ಸೋತ ಉದಾಹರಣೆಯೂ ಬೇಕಲ್ಲ? ಬ್ರಿಟನ್ 2012ರಲ್ಲಿ 12 ಊರುಗಳ ಪೇಟೆಗಳಿಗೆ ತಲಾ ಸುಮಾರು 1 ಲಕ್ಷ ಪೌಂಡ್ ಕೊಟ್ಟಿತು. ಹಣ ಹೂಕುಂಡ, ಉತ್ಸವ, ಪ್ರಚಾರಗಳಲ್ಲಿ ಕರಗಿತು, ಖಾಲಿ ಅಂಗಡಿಗಳ ಸಮಸ್ಯೆ ಉಳಿಯಿತು. ಮುಂದೆ ಅದೇ ದೇಶ ಸಮಸ್ಯೆಯ ಬುಡಕ್ಕೆ ಕೈ ಹಾಕಬೇಕಾಯಿತು. 2024ರ ಡಿಸೆಂಬರ್‌ನಿಂದ ಇಂಗ್ಲೆಂಡಿನಲ್ಲಿ, ಎರಡು ವರ್ಷದ ಅವಧಿಯಲ್ಲಿ 365 ದಿನಕ್ಕಿಂತ ಹೆಚ್ಚು ಖಾಲಿ ಬಿದ್ದ ಮಳಿಗೆಯ ಬಾಡಿಗೆ ಹಕ್ಕನ್ನು ಸ್ಥಳೀಯ ಆಡಳಿತವೇ ಹರಾಜು ಹಾಕಬಹುದು.

ನಮ್ಮಲ್ಲಿ ಮುಂದೇನು?

ನಮ್ಮ ಪೇಟೆಗಳ ಸಮಸ್ಯೆ ಖಾಲಿ ಮಳಿಗೆಯದ್ದಲ್ಲ, ಇಂಗ್ಲೆಂಡಿನ ಔಷಧ ಇಲ್ಲಿಗೆ ನಾಟುವುದಿಲ್ಲ. ಇಲ್ಲಿ ಮಳಿಗೆ ತುಂಬಿರುತ್ತದೆ, ಒಳಗಿರುವವರು ಬದಲಾಗುತ್ತಿರುತ್ತಾರೆ. ಬಾಡಿಗೆ ಕಾಯ್ದೆಯನ್ನು ಹಳೆಯ ಕಾಲದಂತೆ ಬಿಗಿ ಮಾಡುವ ಸಲಹೆಯೂ ಆಗಾಗ ಬರುತ್ತದೆ. ಅದರ ಫಲ ಗೊತ್ತಿರುವುದೇ: ಮಾಲೀಕರು ದುರಸ್ತಿ ನಿಲ್ಲಿಸುತ್ತಾರೆ, ಕರಾರು ಕಾಗದದ ಹೊರಗೆ ಹೋಗುತ್ತದೆ, ಅಡ್ವಾನ್ಸ್ ಮೊತ್ತ ಏರುತ್ತದೆ.

ಹೆಚ್ಚು ಕಷ್ಟವಿಲ್ಲದ ದಾರಿಗಳಿವೆ. ಕಾಮಗಾರಿಯ ಒಟ್ಟು ವೆಚ್ಚದಲ್ಲಿ ಒಂದು ಸಣ್ಣ ಭಾಗವನ್ನು ಬಾಡಿಗೆದಾರರ ನಷ್ಟಕ್ಕೆಂದು ಟೆಂಡರಿನಲ್ಲೇ ಎತ್ತಿಡಬಹುದು. ಗಡುವು ದಾಟಿದ ಪ್ರತಿ ತಿಂಗಳ ದಂಡ ಪಾಲಿಕೆಯ ಖಜಾನೆಗೆ ಹೋಗದೆ ಆ ನಿಧಿಗೇ ಹೋಗಲಿ. ಮಳಿಗೆಯ ಮುಂಭಾಗ ಸುಧಾರಿಸಲು ಮಾಲೀಕನಿಗೆ ಸಹಾಯಧನ ಕೊಡುವುದಾದರೆ, ಇರುವ ಬಾಡಿಗೆದಾರನಿಗೆ ಐದು ವರ್ಷದ ನೋಂದಾಯಿತ ಕರಾರು ಮಾಡಿಕೊಡಬೇಕೆಂಬ ಷರತ್ತು ಹಾಕಬಹುದು. ಸಾರ್ವಜನಿಕ ಹಣ ತೆಗೆದುಕೊಳ್ಳುವವರ ಮೇಲೆ ಷರತ್ತು ಹಾಕುವುದಕ್ಕೆ ಹೊಸ ಕಾಯ್ದೆ ಬೇಕಾಗುವುದಿಲ್ಲ. ಶ್ರಾವಣದಿಂದ ದೀಪಾವಳಿವರೆಗೆ ಅಗೆಯುವಂತಿಲ್ಲ ಎಂಬ ಒಂದು ಸಾಲು ಟೆಂಡರಿನಲ್ಲಿ ಇದ್ದರೂ ಸಾಕು, ಗಾಂಧಿ ಬಜಾರಿನಂಥ ಬೀದಿಯ ವರ್ಷದ ಆದಾಯದ ದೊಡ್ಡ ಭಾಗ ಉಳಿಯುತ್ತದೆ.

ಇವು ಯಾವುವೂ ಬಾರದಿದ್ದರೆ ಆಗುವುದನ್ನು ಊಹಿಸುವುದು ಕಷ್ಟವಲ್ಲ. ಕಾಮಗಾರಿ ಮುಗಿದ ಬೀದಿಗಳಲ್ಲಿ ಕರಾರು ನವೀಕರಣದ ಒಂದೆರಡು ಸುತ್ತು ಕಳೆಯುವ ಹೊತ್ತಿಗೆ ಕಡಿಮೆ ಲಾಭದ ಅಂಗಡಿಗಳು ಮೊದಲು ಹೋಗುತ್ತವೆ: ಗ್ರಂಥಿಗೆ, ಪುಸ್ತಕ, ಪಾತ್ರೆ, ಹೊಲಿಗೆ ಸಾಮಾನು. ತಿಂಡಿ, ಕಾಫಿ, ಮೊಬೈಲು, ಚಿನ್ನ ಉಳಿಯುತ್ತವೆ, ಏಕೆಂದರೆ ಆ ಬಾಡಿಗೆ ಕಟ್ಟಲು ಅವಕ್ಕಷ್ಟೇ ಸಾಧ್ಯ. ಹಬ್ಬದ ಮುಂಚಿನ ದಿನ ಹೂವಿಗೆ ಬಂದವರಿಗೆ ಪಕ್ಕದಲ್ಲಿ ಕೊಳ್ಳಲು ಏನೂ ಇರದಿದ್ದಾಗ, ಹೂವಿಗೂ ಅಷ್ಟು ದೂರ ಬರುವ ಕಾರಣ ಕಡಿಮೆಯಾಗುತ್ತದೆ. ಮುಂದಿನ ಸಲ ಇನ್ನೊಂದು ಪೇಟೆಗೆ ಇಂಥದೇ ನಕ್ಷೆ ಹೋದಾಗ, ಅಲ್ಲಿನ ವರ್ತಕರು ಅದನ್ನು ಬಿಡಿಸಿ ನೋಡುವ ಮುನ್ನವೇ ಬೇಡ ಎನ್ನುತ್ತಾರೆ.